ಹುರುಳಿ ಹೊಲದ ಮುಖ

ಅವನು ರೆಪ್ಪೆಯನ್ನೇ ಬಡಿಯಲಿಲ್ಲ!

ಇಬ್ಬನಿ ಇನ್ನೂ ಆರಿರಲಿಲ್ಲ. ಹಂಗಳದಿಂದ ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಬೃಂದಾ ಒಬ್ಬಳೇ ಓಡುತ್ತಿದ್ದಳು. ಹುರುಳಿ ಹೊಲ ಮುಗಿದು ಲಂಟಾನ ಪೊದೆ ಶುರುವಾಗುವ ಅಂಚಿನಲ್ಲಿ ಕಂಬಳಿ ಹೊದ್ದ ಒಬ್ಬ ಗಂಡಸು ನಿಂತು ಅವಳನ್ನೇ ದಿಟ್ಟಿಸುತ್ತಿದ್ದ. ಮಂಜಿನಲ್ಲಿ ಕಂಡದ್ದು ದಪ್ಪ ಮೀಸೆ, ಅಗಲ ಕಣ್ಣು, ಅಷ್ಟೇ.

ಹೋದ ವರ್ಷದ ಬೃಂದಾ ಆಗಿದ್ದರೆ ತಲೆ ತಗ್ಗಿಸಿಕೊಂಡು ಮನೆ ಸೇರುತ್ತಿದ್ದಳು. ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡಲು ಹೆದರುತ್ತಿದ್ದ ಹುಡುಗಿ ಅವಳು. ಡಿಗ್ರಿಯ ಕೊನೆಯ ವರ್ಷದಲ್ಲಾದರೂ ಹಾಗಿರಬಾರದೆಂದು ಹಟ ತೊಟ್ಟಿದ್ದಳು. ಯಾರ ಎದುರೂ ಕಣ್ಣು ತಗ್ಗಿಸಬಾರದು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಬೇಕು. ಪೊಲೀಸ್ ಕೆಲಸಕ್ಕೆ ಸೇರಬೇಕು. ಲಿಖಿತ ಪರೀಕ್ಷೆ ಪಾಸಾಗಿತ್ತು, ಇನ್ನು ಉಳಿದದ್ದು ಚಾಮರಾಜನಗರದ ಸ್ಟೇಡಿಯಂನಲ್ಲಿ ಓಟ.

"ಏನ್ ನೋಡ್ತಾ ಇದ್ದೀಯಾ?" ಕೂಗಿಯೇಬಿಟ್ಟಳು!

ಕಂಬಳಿಯೊಳಗಿಂದ ಒಂದು ಕೈ ಮೆಲ್ಲಗೆ ಹೊರಬಂದು ಆಡಿತು.

'ಬಾ ಅಂತಿದ್ದಾನಾ...? ಅಯ್ಯೋ ದೇವರೇ!'

ಅವತ್ತು ಅವಳು ಓಡಿದ ಓಟವನ್ನು ಪೊಲೀಸಿನವರು ನೋಡಿದ್ದರೆ ಅಲ್ಲೇ ಕೆಲಸ ಕೊಟ್ಟುಬಿಡುತ್ತಿದ್ದರು.

ಮನೆಯಲ್ಲಿ ಅವ್ವ ಮಾದಮ್ಮ ಕೇಳಿದಳು, "ಯಾಕಮ್ಮಿ, ಮುಖ ಹಿಂಗ್ ಬೆಳ್ಳಗಾಗದೆ?"

"ಏನಿಲ್ಲ ಬುಡವ್ವ. ಚಳಿ."

ಹೇಳುವಂತಿರಲಿಲ್ಲ. ಅಪ್ಪ ಚಿಕ್ಕಬಸವಯ್ಯ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ, "ದಾರೀಲಿ ಯಾವನಾದ್ರೂ ತಂಟೆ ಮಾಡ್ದ ಅಂತ ಕಿವಿಗ್ ಬಿದ್ರೆ ಅವತ್ತೇ ಓಟ ಬಂದ್." ಬೆಟ್ಟದ ತಪ್ಪಲಿನಲ್ಲಿ ಕಾಟ ಕೊಡುತ್ತಿದ್ದ ಹುಲಿ ಹೋದ ತಿಂಗಳು ಬೋನಿಗೆ ಬಿದ್ದಿದ್ದರಿಂದಲೇ ಆ ರಸ್ತೆಗೆ ಒಪ್ಪಿಗೆ ಸಿಕ್ಕಿದ್ದು.

ಮರುದಿನವೂ ಅವನಿದ್ದ. ಅದರ ಮರುದಿನವೂ. ಅದೇ ಮೀಸೆ, ಅದೇ ನೋಟ, ಒಂದಿಷ್ಟೂ ಕದಲದ ಮುಖ. ಮನುಷ್ಯರ ಮುಖದಲ್ಲಿ ಸಿಟ್ಟೋ ನಗುವೋ ಏನಾದರೂ ಇರುತ್ತದೆ, ಅಲ್ಲವೇ? ಇದರಲ್ಲಿ ಏನೂ ಇರಲಿಲ್ಲ. ತಡೆಯಲಾರದೆ ಒಂದು ದಿನ ಕಲ್ಲೆತ್ತಿ ಬೀಸಿದಳು. ಕಲ್ಲು ಕಂಬಳಿಗೆ ಧಪ್ಪೆಂದು ಬಿತ್ತು. ಅವನು ಮಿಸುಕಲೇ ಇಲ್ಲ!

ಈ ಮಾತನ್ನು ಅವಳು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ. ಗುಂಡ್ಲುಪೇಟೆ ಕಾಲೇಜಿನಲ್ಲಿ ಅವಳ ಜೊತೆ ಓದುವ ಚಂದ್ರಕುಮಾರ್. ಬೆಟ್ಟದ ಕಡೆಯ ಊರಿನವನು, ದಿನವೂ ಅದೇ ಬಸ್ಸು. ಕಡಿಮೆ ಮಾತಿನ ಹುಡುಗ. ಅವನು ಪಕ್ಕದಲ್ಲಿದ್ದರೆ ಅವಳಿಗೆ ಮಾತು ತಾನಾಗಿ ಬರುತ್ತಿತ್ತು. ಅದು ಯಾಕೆಂದು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ, ನಾವೂ ಈಗಲೇ ಕೇಳುವುದು ಬೇಡ.

"ಅವನು ಯಾವತ್ತಾದ್ರೂ ಮೇಲೆ ಬೀಳ್ತಾನೆ ಚಂದ್ರು... ನಂಗೆ ಭಯ ಆಗ್ತಿದೆ. ಮನೇಲಿ ಹೇಳಿದ್ರೆ ಓಟಾನೇ ನಿಲ್ಲಿಸ್ತಾರೆ."

ಬಸ್ಸಿನ ಸೀಟಿಗೆ ಬೆನ್ನು ಒರಗಿಸದೆ ಮುಂದಕ್ಕೆ ಬಾಗಿ ಕೂತಿದ್ದ ಚಂದ್ರಕುಮಾರನ ಮುಖ ಬಾಡಿತು.

"ಆ ರಸ್ತೆ ಬುಟ್ಬುಡು ಬೃಂದಾ."

"ಯಾಕೆ?"

"ಸುಮ್ನೆ... ಬುಟ್ಬುಡು ಅಷ್ಟೇ."

'ಇವನೂ ಅಷ್ಟೇನಾ?' ಅವಳ ಕಣ್ಣು ತುಂಬಿತು. "ನೀನೂ ನಮ್ಮಪ್ಪನ ಥರಾನೇ. ಹೆಣ್ಣುಮಗಳು ಮನೇಲಿ ಬಿದ್ದಿರ್ಬೇಕು ಅಲ್ವಾ? ಇನ್ಮೇಲೆ ನನ್ನ ಮಾತಾಡಿಸ್ಬೇಡ!"

ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಮಾರನೆಯ ಮುಂಜಾನೆ ಬೃಂದಾ ಓಡಲಿಲ್ಲ. ಅಪ್ಪನ ದೊಣ್ಣೆ ಹಿಡಿದು ನೇರವಾಗಿ ಹುರುಳಿ ಹೊಲಕ್ಕೆ ಇಳಿದಳು. 'ಇವತ್ತು ಇವನೋ ನಾನೋ!' ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಹತ್ತಿರ ಹೋದಷ್ಟೂ ಆ ಮುಖ ಅವಳನ್ನೇ ನೋಡುತ್ತಿತ್ತು.

ಇನ್ನೇನು ದೊಣ್ಣೆ ಎತ್ತಬೇಕು, ಅಷ್ಟರಲ್ಲಿ ಅವಳಿಗೆ ಕಂಡಿತು. ಮೀಸೆ ಬಣ್ಣದ್ದು. ಕಣ್ಣು ಬಣ್ಣದ್ದು. ತಲೆಯ ಹಿಂಭಾಗಕ್ಕೆ ಲಾಡಿಯಲ್ಲಿ ಬಿಗಿದ ಪ್ಲಾಸ್ಟಿಕ್ ಮುಖವಾಡ ಅದು! ಮನುಷ್ಯ ಅವಳಿಗೆ ಬೆನ್ನು ಹಾಕಿ, ಪೊದೆಗೆ ಮುಖ ಮಾಡಿ ನಿಂತಿದ್ದ.

"ಓಡ್ಬ್ಯಾಡ ಕಣಮ್ಮಿ..." ತಿರುಗದೆಯೇ ಪಿಸುಗುಟ್ಟಿದ. "ಓಡಿದ್ರೆ ಅಟ್ಟುಸ್ಕಂಡ್ ಬತ್ತದೆ. ನನ್ ಕಂಬಳಿ ಹಿಡ್ಕ. ಹಿಂದಿಂದಕ್ಕೆ ನಡಿ."

ಚಂದ್ರು!

ಅವನ ಭುಜದಾಚೆ, ಲಂಟಾನದ ಬುಡದಲ್ಲಿ ಹಳದಿ ಬಣ್ಣದ್ದೇನೋ ಅಲುಗಿತು. ಗಂಟಲಿನೊಳಗೇ ಗುರುಗುಟ್ಟುವ ಸದ್ದು ನೆಲದಿಂದ ಅವಳ ಅಂಗಾಲಿಗೆ ತಾಕಿತು. ಓಡು, ಓಡು ಎಂದು ಮೈಯೆಲ್ಲ ಕೂಗುತ್ತಿತ್ತು. ಇಷ್ಟು ದಿನ ಓಡುವುದನ್ನೇ ಕಲಿತ ಕಾಲುಗಳವು. ಆದರೂ ಅವಳು ಹಲ್ಲು ಕಚ್ಚಿ, ಕಂಬಳಿಯ ಅಂಚು ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟಳು. ಅವನು ಪೊದೆಯಿಂದ ಕಣ್ಣು ಕೀಳದೆ ಅವಳ ಮುಂದೆಯೇ ಅಡ್ಡವಾಗಿ ಹಿಂದೆ ಸರಿದ. ಡಾಂಬರು ಕಾಲಿಗೆ ಸಿಗುವಷ್ಟರಲ್ಲಿ ಪೊದೆ ಒಮ್ಮೆ ತೂಗಿ ಸುಮ್ಮನಾಯಿತು.

ಬೃಂದಾ ರಸ್ತೆಯಲ್ಲೇ ಕುಸಿದು ಕೂತಳು. ಅವನು ಮುಖವಾಡ ಬಿಚ್ಚಿದ.

"ಕಾಡಂಚಿನ ಹೊಲದೋರಿಗೆ ಫಾರೆಸ್ಟ್‌ನೋರು ಇದ್ನ ಕೊಟ್ಟವ್ರೆ. ಹಿಂದ್ಗಡೆಯಿಂದ ಬರೋ ಹುಲಿ, ಮುಖ ಕಂಡ್ರೆ ಬರಾಕಿಲ್ಲ ಅಂತ. ಇದು ಇನ್ನೊಂದು ಹುಲಿ. ಈ ಹೊಲ ನಮ್ದೇಯ, ಇಲ್ಲೇ ಹೆಜ್ಜೆ ನೋಡ್ದೆ, ಫಾರೆಸ್ಟ್‌ನೋರಿಗೆ ಹೇಳಿವ್ನಿ."

"ಅವತ್ತು ಕೈ ಆಡಿಸಿದ್ದು...?"

"ಬೇಗ ಓಗು ಅಂತ."

"ಕಲ್ಲು ಹೊಡೆದಾಗ್ಲೂ ತಿರುಗ್ಲಿಲ್ವಲ್ಲೋ!"

"ತಿರುಗಿದ್ರೆ ಅದು ಎತ್ಲಾಗ್ ಓಯ್ತು ಅಂತ ಗೊತ್ತಾಯ್ತಿರ್ನಿಲ್ಲ."

ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನಂಗೆ ಹೇಳ್ಬಹುದಾಗಿತ್ತಲ್ಲಾ!"

"ಹೇಳಿದ್ರೆ ಮನೇಲಿ ಗೊತ್ತಾಗಿ ನಿಮ್ಮಪ್ಪ ಓಟ ನಿಲ್ಲುಸ್ತಿದ್ರು. ನಿನ್ ಆಸೆ ಮಣ್ಣಾಗ್ತಿತ್ತು. ಅದ್ಕೇ ನಾನೇ ನಿಂತ್ಕಂಡೆ."

"ನೀನು ಸತ್ತಿದ್ರೆ? ನಾನು ಸತ್ತಿದ್ರೆ? ತೀರ್ಮಾನ ಮಾಡೋಕೆ ನೀನ್ಯಾರು? ಅಪ್ಪ ನನ್ನ ಕೇಳದೆ ಬಾಗಿಲು ಹಾಕ್ತಾನೆ, ನೀನು ನನ್ನ ಕೇಳದೆ ಕಾವಲು ನಿಲ್ತೀಯಾ! ನನ್ನನ್ನ ಒಬ್ರೂ ಕೇಳಲ್ಲ!"

ಚಂದ್ರಕುಮಾರ್ ತಲೆ ತಗ್ಗಿಸಿದ.

ಅವಳು ಮನೆಗೆ ಹೋಗಿ ಅಪ್ಪನ ಎದುರು ನಿಂತು ತಾನೇ ಹೇಳಿದಳು. ಹುಲಿಯ ವಿಷಯ, ಚಂದ್ರುವಿನ ವಿಷಯ, ಎಲ್ಲ. ಚಿಕ್ಕಬಸವಯ್ಯ ಕಿಡಿಕಿಡಿಯಾದ. "ಆಯ್ತಲ್ಲಾ! ಇನ್ ಓಟ ಗೀಟ ಎಲ್ಲಾ ಬಂದ್!"

"ಆ ರಸ್ತೆ ಬಂದ್ ಕಣಪ್ಪ. ಓಟ ಬಂದ್ ಅಲ್ಲ." ಅವಳು ಕಣ್ಣು ತಗ್ಗಿಸಲಿಲ್ಲ. "ಗುಂಡ್ಲುಪೇಟೆ ಗ್ರೌಂಡಲ್ಲಿ ಓಡ್ತೀನಿ. ಬೇಕಾದ್ರೆ ನೀನೂ ಬಾ."

ಮಗಳು ಎದುರು ನಿಂತು ಮಾತಾಡಿದ್ದನ್ನು ಅವನು ಅವತ್ತೇ ನೋಡಿದ್ದು. ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಕೊನೆಗೆ, "ವತ್ತಾರೆ ಆಟೊತ್ಗೆ ಬಸ್ ಎಲ್ಲದೆ? ನಾನೇ ಗಾಡೀಲಿ ಕರ್ಕ ಓಯ್ತೀನಿ ಬುಡು," ಎಂದ.

ಓಟ ಉಳಿಯಿತು. ಆದರೆ ನೆಮ್ಮದಿ ಹೋಯಿತು. ಎರಡನೇ ಹುಲಿ ಸಿಕ್ಕಿರಲಿಲ್ಲ, ಚಂದ್ರು ಇನ್ನೂ ದಿನಾ ಹೊಲಕ್ಕೆ ಹೋಗುತ್ತಿದ್ದಾನೆಂಬ ಸುದ್ದಿ ಬರುತ್ತಿತ್ತು. ಬಸ್ಸು ಹತ್ತಿದೊಡನೆ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು! ಪ್ರೀತಿಯೂ ಸಿಟ್ಟೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದರೆ ಇನ್ನೇನಾಗುತ್ತದೆ?

ಚಾಮರಾಜನಗರದಲ್ಲಿ ಓಟದ ದಿನ. ಸಾಲಿನಲ್ಲಿ ನಿಂತಿದ್ದಾಗ ಹಂಗಳ ಕಡೆಯ ಯಾರೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಬೆಳಿಗ್ಗೆ ಹುರುಳಿ ಹೊಲದಲ್ಲಿ ಹುಲಿ ಮೇಲೆ ಬಿದ್ದಿತಂತೆ. ಹಸುವಿನ ಮೇಲೋ, ಮನುಷ್ಯನ ಮೇಲೋ ಗೊತ್ತಿಲ್ಲವಂತೆ.

'ಚಂದ್ರೂ...' ಗೇಟಿನ ಕಡೆ ನೋಡಿದಳು. ಓಟ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದ ಅವನು ಇನ್ನೂ ಬಂದಿರಲಿಲ್ಲ. ಫೋನು ಹೊರಗೆ ಅಪ್ಪನ ಹತ್ತಿರ. ಹೊರಗೆ ಹೋದರೆ ಸಾಲು ತಪ್ಪುತ್ತದೆ, ಒಂದು ವರ್ಷದ ಬೆವರು ನೀರುಪಾಲು.

ವಿಷಲ್ ಊದಿದರು. ಬೃಂದಾ ಅಳುತ್ತಲೇ ಓಡಿದಳು. ಕಣ್ಣೀರಿನಲ್ಲಿ ದಾರಿ ಕಾಣಲಿಲ್ಲ, ಆದರೂ ನಿಲ್ಲಲಿಲ್ಲ.

ಪಾಸು! ಅಪ್ಪ ದೂರದಿಂದ ಟವೆಲ್ ಬೀಸುತ್ತಿದ್ದ. ಅವನ ಪಕ್ಕದಲ್ಲಿ, ತಂತಿಬೇಲಿ ಹಿಡಿದು, ಮಂಡಿಯವರೆಗೂ ಕೆಸರು ಮೆತ್ತಿಕೊಂಡ ಚಂದ್ರಕುಮಾರ್!

ಅವಳು ಬೇಲಿಯವರೆಗೆ ಓಡಿ ಬಂದಳು. ಅಪ್ಪ ಟೀ ತರುವ ನೆಪದಲ್ಲಿ ಅತ್ತ ನಡೆದ.

"ನಿಂಗೇನೂ ಆಗಿಲ್ವಾ? ಬದುಕಿದ್ದೀಯಾ?"

"ಹಸು ಹೋಯ್ತು. ಬೋನ್ ಇಡ್ಸಿ ಬರೋದ್ರಲ್ಲಿ ಲೇಟಾಯ್ತು. ಹುಲಿ ಇನ್ನೂ ಸಿಕ್ಕಿಲ್ಲ. ನೋಡು, ಏನೂ ಬಚ್ಚಿಡ್ದೆ ಹೇಳ್ತಾ ಇವ್ನಿ."

"ಇನ್ನೇನಾದ್ರೂ ಬಚ್ಚಿಟ್ಟಿದ್ದೀಯಾ?"

"ಒಂದದೆ... ನೀನು ಅಂದ್ರೆ ನಂಗೆ ಪ್ರಾಣ ಕಣಮ್ಮಿ. ಮುಂಚೇನೆ ಹೇಳಿದ್ರೆ ನಿನ್ ಓಟ ಕೆಟ್ಟೋಯ್ತದೆ ಅಂತ..."

"ಅದ್ನೂ ನೀನೇ ತೀರ್ಮಾನ ಮಾಡ್ಬುಟ್ಯಾ?"

"ತಪ್ಪಾಯ್ತು."

ಬೃಂದಾ ಬೇಲಿಯ ಸಂದಿಯಲ್ಲಿ ಬೆರಳು ತೂರಿಸಿ ಅವನ ಬೆರಳು ಹಿಡಿದಳು.

"ತಪ್ಪೇ ಮತ್ತೆ. ಮುಂಚೇನೆ ಹೇಳಿದ್ರೆ ಇನ್ನೂ ಜೋರಾಗಿ ಓಡ್ತಿದ್ದೆ ಕಣೋ!"