ಅತ್ತಿಬೆಲೆ ಗೇಟಿನಾಚೆಯ ಹುಡುಗಿ

ಮಹಾಯುದ್ಧ ಮುಗಿದಿತ್ತು, ಅಕ್ಕಿಯ ಮೇಲಿನ ಕಾವಲು ಮಾತ್ರ ಮುಗಿದಿರಲಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಹೋಗುವ ಇದ್ದಿಲು ಬಸ್ಸು ಜೂಜುವಾಡಿ ದಾಟಿ ಮೈಸೂರು ಗಡಿಯ ಅತ್ತಿಬೆಲೆ ಗೇಟಿನಲ್ಲಿ ನಿಂತಿತೆಂದರೆ ಸುಲಭಕ್ಕೆ ಹೊರಡುತ್ತಿರಲಿಲ್ಲ. ಹಿಂದುಗಡೆ ಕ್ಲೀನರು ಒಲೆಗೆ ಇದ್ದಿಲು ಸುರಿದು ಗಾಳಿ ಹಾಕುತ್ತಿದ್ದರೆ, ಮುಂದುಗಡೆ ಮೈಸೂರು ಸರ್ಕಾರದ ಗುಮಾಸ್ತ ಎಲ್ಲರನ್ನೂ ಕೆಳಗಿಳಿಸಿ ಒಬ್ಬೊಬ್ಬರ ಗಂಟನ್ನೂ ಬಿಚ್ಚಿಸಿ, ಕದ್ದು ಸಾಗಿಸುವ ಅಕ್ಕಿ ಇದೆಯೇ ಎಂದು ನೋಡುತ್ತಿದ್ದ.

ಆ ಸೋಮವಾರ ಗುಮಾಸ್ತ ಹೊಸಬ. ಹೆಸರು ಗೋಪೀನಾಥ. ಅತ್ತಿಬೆಲೆಯವನೇ. ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ, ಅಧಿಕಾರದ ಗತ್ತೂ ಮುರಿದಿರಲಿಲ್ಲ.

"ಆ ಮಡಕೇಲಿ ಏನಿದೆ?"

ಹೊಸೂರಿನ ಹುಡುಗಿ ವೆಂಕಟಲಕ್ಷ್ಮಿ, ಬಾಯಿಗೆ ಬಟ್ಟೆ ಕಟ್ಟಿದ್ದ ಮಡಕೆಯನ್ನು ಸೊಂಟಕ್ಕೆ ಒತ್ತಿಕೊಂಡಳು. "ಅಕ್ಕಿ ಅಲ್ಲ."

"ಅಕ್ಕಿ ತರೋರೆಲ್ಲ ಹಂಗೇ ಹೇಳೋದು. ಬಿಚ್ಚಿ."

"ಬಿಚ್ಚಿದ್ರೆ ನಿಮಗೇ ಕಷ್ಟ."

ಹೀಗೆ ಹೇಳಿದ ಮೇಲೆ ಯಾವ ಗಂಡಸು ಸುಮ್ಮನಿದ್ದಾನು? ಗೋಪೀನಾಥ ತಾನೇ ಗಂಟು ಎಳೆದ. ಹೊಸೂರು ಕೆರೆಯ ದಪ್ಪ ದಪ್ಪ ಕಪ್ಪೆಗಳು ಒಂದರ ಹಿಂದೊಂದು ಮೈಸೂರು ಸೀಮೆಗೆ ನೆಗೆದವು. ಮೊದಲನೆಯದು ಅವನ ಎದೆಗೇ ಬಂದು ಕೂತಿತು. ಸರ್ಕಾರದ ಗುಮಾಸ್ತ ಚೀರಿ ಗೇಟಿನ ಪಕ್ಕದ ಬೆಂಚು ಹತ್ತಿದ.

"ಅಯ್ಯೋ ನನ್ ಸಾಮಿ! ಕಪ್ಪೆ ಕಣಪ್ಪಾ ಅದು, ಹುಲಿ ಕಂಡಂಗೆ ಆಡ್ತೀಯಲ್ಲ!" ಎಂದು ಅಕ್ಕಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಸೂರಿನ ಪಕ್ಕದ ಆಲಸನತ್ತದಿಂದ ಹೂವಿನ ಬುಟ್ಟಿ ಹೊತ್ತು ಬೆಂಗಳೂರಿಗೆ ಹೋಗುವ ಮುದುಕಿ ಅವಳು. ವೆಂಕಟಲಕ್ಷ್ಮಿಗೆ ಬಸ್ಸಿನಲ್ಲಿ ಸಿಕ್ಕ ಕಾವಲು ಅಜ್ಜಿಯೂ ಹೌದು.

"ಕಾಲೇಜಲ್ಲಿ ಕೊಯ್ದು ನೋಡೋಕೆ ಬೇಕಿತ್ತು," ವೆಂಕಟಲಕ್ಷ್ಮಿಯ ಕಣ್ಣಲ್ಲಿ ನೀರೇ ಬಂತು. "ನಾನು ಡಾಕ್ಟರಾಗೋಳು. ಈಗ ಏನ್ ಮಾಡ್ಲಿ?"

ಬೆಂಚಿನ ಮೇಲಿದ್ದವನು ಆ ಕಣ್ಣುಗಳನ್ನು ನೋಡಿದ. ಇಳಿದ. ಪಂಚೆ ಎತ್ತಿ ಕಟ್ಟಿದ. ಆಮೇಲೆ ಅವನೂ ಅವಳೂ ಬೇಲಿಯ ಬುಡದಲ್ಲಿ ಕೂತು ಕಪ್ಪೆ ಹಿಡಿದರು. ಒಂದೇ ಕಪ್ಪೆಯ ಮೇಲೆ ಇಬ್ಬರ ಕೈಯೂ ಬಿದ್ದಾಗ, ಕಪ್ಪೆ ಜಾರಿ ಹೋಯಿತು. ಕೈಗಳು ಸ್ವಲ್ಪ ತಡವಾಗಿ ಬೇರೆಯಾದವು.

ಅಂದಿನಿಂದ ಸೋಮವಾರಗಳ ಬಣ್ಣವೇ ಬದಲಾಯಿತು. ವಾರವೆಲ್ಲ ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಇಂಟರ್‌ಮೀಡಿಯೇಟ್ ಓದುವ ಹುಡುಗಿ, ಶನಿವಾರ ಊರಿಗೆ ಬಂದವಳು, ಸೋಮವಾರ ಬೆಳಿಗ್ಗೆ ಬೇಗ ಎದ್ದು ಜಡೆಯನ್ನು ಎರಡೆರಡು ಸಲ ಬಿಚ್ಚಿ ಹೆಣೆಯತೊಡಗಿದಳು. ಗೇಟಿನ ಕಡೆಯ ಕಿಟಕಿಗೇ ಕೂರುತ್ತಿದ್ದಳು. ಮಂಜಿನಲ್ಲಿ ಗೇಟಿನ ಲಾಟೀನು ಮಸುಕಾಗಿ ಕಂಡರೆ ಅವಳ ಎದೆ ಬಸ್ಸಿಗಿಂತ ಜೋರಾಗಿ ಸದ್ದು ಮಾಡುತ್ತಿತ್ತು.

"ಇವತ್ತು ಏನಿದೆ ಚೀಲದಲ್ಲಿ?"

"ಧೈರ್ಯ ಇದ್ರೆ ಬಿಚ್ಚಿ ನೋಡಿ."

"ಬೇಡಪ್ಪಾ. ನೀವು ಏನು ಇಲ್ಲ ಅಂತೀರೋ ಅದು ಇಲ್ಲ."

"ಎಲ್ಲರನ್ನೂ ಹೀಗೇ ನಂಬ್ತೀರಾ?"

ಅವನು ಪಕ್ಕದವರ ಬುಟ್ಟಿಗೆ ಬಗ್ಗುತ್ತಿದ್ದ. ಆದರೆ ಕಿವಿಯ ತುದಿ ಕೆಂಪಾದದ್ದು ಬಗ್ಗಿದರೆ ಮುಚ್ಚುತ್ತದೆಯೇ? ಇದ್ದಿಲಿಗೆ ಬೇಗ ಬೆಂಕಿ ಹತ್ತದಿರಲಿ ಎಂದು ಅವಳು ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು. ಅದು ಪ್ರೀತಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ.

ಡಾಕ್ಟರಾಗುವ ಹಟ ಅದಕ್ಕಿಂತ ಹಳೆಯದು. ಕೆಲಮಂಗಲದ ಗಂಡನ ಮನೆಯಲ್ಲಿ ಅವಳ ಅಕ್ಕ ಚಿನ್ನಮ್ಮ ಹೆರಿಗೆಯಲ್ಲಿ ತೀರಿಕೊಂಡಾಗ, ಡಾಕ್ಟರು ಜಗುಲಿಯವರೆಗೂ ಬಂದಿದ್ದರು. ಗಂಡಸು ಒಳಗೆ ಬರಕೂಡದೆಂದು ಮನೆಯವರು ಬಾಗಿಲು ತೆಗೆಯಲೇ ಇಲ್ಲ.

ಇಂಟರ್‌ಮೀಡಿಯೇಟ್ ಪಾಸಾಯಿತು. ಮೈಸೂರಿನ ಡಾಕ್ಟರ್ ಕಾಲೇಜಿಗೆ ಅರ್ಜಿ ಹಾಕಲು ತಂದೆ ಹಯಗ್ರೀವ ಮೇಷ್ಟ್ರೇ ಮಗಳನ್ನು ಕರೆದುಕೊಂಡು ಹೋದರು. ಅವರ ನಡುಮನೆಯಲ್ಲಿ ಮಹಾರಾಜರ ಪಟವಿತ್ತು, ಅದಕ್ಕೆ ದಿನವೂ ಹೂವಿತ್ತು. ನವರಾತ್ರಿಗೆ ಗೊಂಬೆ ಕೂರಿಸಿದರೆ ರಾಜ ರಾಣಿಗೇ ಮೊದಲ ಆರತಿ. ಮೇಷ್ಟ್ರು ಬಾಯಿ ತೆರೆದರೆ 'ನಮ್ಮ ಮೈಸೂರು'. ಹೊಸೂರಿನ ಕನ್ನಡದ ಮನೆಗಳಲ್ಲಿ ಹೀಗೆ ಅಂದುಕೊಂಡವರು ಅವರೊಬ್ಬರೇ ಅಲ್ಲ.

ಕಚೇರಿಯವರು ಊರಿನ ಹೆಸರು ಕೇಳಿ ಮರ್ಯಾದೆಯಿಂದಲೇ ತಲೆಯಾಡಿಸಿದರು. "ಹೊಸೂರು ಸೇಲಂ ಜಿಲ್ಲೆ ಸ್ವಾಮಿ, ಮದರಾಸಿಗೆ ಸೇರಿದ್ದು. ನೀವು ಹೊರಸಂಸ್ಥಾನದವರು. ಸೀಟು ಮೊದಲು ನಮ್ಮ ಪ್ರಜೆಗಳಿಗೆ."

ಮೇಷ್ಟ್ರು ಮನೆಗೆ ಬಂದು ಪಟದ ಮುಂದೆ ಬಹಳ ಹೊತ್ತು ನಿಂತರು. ಹೂವಿಟ್ಟವರೆಲ್ಲ ಪ್ರಜೆಗಳಾಗುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಮದರಾಸಿಗೆ ಹಾಕೋಣ ಬಿಡಮ್ಮ," ಎಂದರು ಕೊನೆಗೆ. ಮದರಾಸು ಎಂದರೆ ಸಮುದ್ರದ ಪಕ್ಕ, ವರ್ಷಗಟ್ಟಲೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಅತ್ತಿಬೆಲೆ ಗೇಟು ಬರುವುದಿಲ್ಲ. ವೆಂಕಟಲಕ್ಷ್ಮಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಚಿಕ್ಕಮ್ಮನ ಮನೆಯಿಂದ ಸಾಮಾನು ತರಲು ಹೊರಟ ಸೋಮವಾರ, ಗೇಟಿನಲ್ಲಿ ಅವಳ ಮುಖ ನೋಡಿದ ಕೂಡಲೇ ಅವನು ಕೇಳಿದ, "ಏನಾಯ್ತು?"

ಹೇಳಿದಳು. ಅವನು ಗೇಟಿನ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ನಿಂತ. ಆಮೇಲೆ ರೂಲು ಓದುವವನ ದನಿಯಲ್ಲಿ ಹೇಳಿದ, "ಒಂದು ದಾರಿ ಇದೆ. ಹೆಂಗಸಿಗೆ ಗಂಡನ ಊರೇ ಊರು. ಮೈಸೂರು ಪ್ರಜೆನ ಮದುವೆಯಾದ್ರೆ ನೀವೂ ಮೈಸೂರಿನವರೇ. ನಾನು... ನನಗೇನೂ ಅಡ್ಡಿ ಇಲ್ಲ."

ಅಡ್ಡಿ ಇಲ್ಲವಂತೆ! ಬಾಯಲ್ಲಿ ಬೇರೆ ಮಾತೇ ಇರಲಿಲ್ಲವೇ ಆ ಪುಣ್ಯಾತ್ಮನಿಗೆ? ಎಷ್ಟೋ ಸೋಮವಾರಗಳಿಂದ ಅವಳು ಕಾದಿದ್ದ ಮಾತು ಬಂದಿತ್ತು, ರೂಲಿನ ವೇಷ ಹಾಕಿಕೊಂಡು.

"ಸೀಟಿಗೋಸ್ಕರ ತಾಳಿ ಕಟ್ಟಿಸ್ಕೊಳ್ಲಾ?"

"ಹಂಗಲ್ಲ... ನಿಮಗೆ ಒಳ್ಳೇದಾಗ್ಲಿ ಅಂತ."

"ನಾಳೆ ನಮ್ಮನೇಲಿ ಒಂದು ಮಾತು ಬಂದ್ರೆ, ಇವಳು ಸೀಟಿಗೆ ಬಂದೋಳು ಅಂತ ನಿಮಗನ್ನಿಸುತ್ತೆ. ಇವರು ಕನಿಕರಕ್ಕೆ ಕಟ್ಕೊಂಡೋರು ಅಂತ ನನಗನ್ನಿಸುತ್ತೆ. ಅಂಥ ಮದುವೆ ಬೇಡ ನನಗೆ."

ಬಸ್ಸು ಹೊರಟಿತು. ಅವಳು ಕಿಟಕಿಯ ಕಡೆ ನೋಡಲಿಲ್ಲ. ಅಕ್ಕಯಮ್ಮ ಬುಟ್ಟಿಯಿಂದ ಒಂದು ದುಂಡು ಮಲ್ಲಿಗೆ ತೆಗೆದು ಅವಳ ಕೈಗಿಟ್ಟಳು. "ಅವನಿಗೆ ನಿನ್ ಮ್ಯಾಲೆ ಆಸೆ ಕಣವ್ವಾ. ಹೇಳಾಕ್ ಬರಾಕಿಲ್ಲ, ಅಷ್ಟೆಯ."

"ಬರೋವರ್ಗೂ ಕಾಯ್ತೀನಿ ಅಜ್ಜಿ," ಎಂದು ವೆಂಕಟಲಕ್ಷ್ಮಿ ಅತ್ತೇಬಿಟ್ಟಳು.

ಮದರಾಸಿನ ಕಾಲೇಜು ಅವಳನ್ನು ಮಾತಾಡಿಸಲು ಕರೆಯಿತು. ಹೊಸೂರಿನ ಹುಡುಗಿಗೆ ತಮಿಳೇನು ಹೊಸದೇ? ಅರ್ಧ ಇಂಗ್ಲಿಷು, ಅರ್ಧ ತಮಿಳಿನಲ್ಲಿ ಕೆಲಮಂಗಲದ ಆ ಬಾಗಿಲಿನ ಕಥೆ ಹೇಳಿ ಬಂದಳು. ಸೀಟು ಸಿಕ್ಕಿತು. ಊರಿಗೆ ಊರೇ ಸಕ್ಕರೆ ಹಂಚಿತು. ಅವಳಿಗೆ ಸಂತೋಷವೂ ಆಯಿತು, ಸಂತೋಷದ ನಡುವೆ ಒಂದು ಕಡೆ ಖಾಲಿಯೂ ಇತ್ತು.

ಮದರಾಸಿಗೆ ಹೊರಡುವ ದಿನ ಬೆಳಿಗ್ಗೆ ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ, ಕೃಷ್ಣಗಿರಿಯ ಬಸ್ಸಿನ ಬಾಗಿಲಲ್ಲಿ ಗೋಪೀನಾಥ ನಿಂತಿದ್ದ. ಅಕ್ಕಯಮ್ಮ ಸುದ್ದಿ ಮುಟ್ಟಿಸಿದ್ದಳು. ಜನರನ್ನೆಲ್ಲ ಗಡಿಯಲ್ಲಿ ನಿಲ್ಲಿಸುತ್ತಿದ್ದವನು ತಾನೇ ಗಡಿ ದಾಟಿ ಬಂದಿದ್ದ.

"ಯಾರಮ್ಮ ಅದು?" ಎಂದರು ಮೇಷ್ಟ್ರು.

"ಗೇಟಿನ ಗುಮಾಸ್ತರು ಅಪ್ಪಾ. ಕೃಷ್ಣಗಿರೀಲಿ ಏನೋ ಕೆಲಸ ಇರ್ಬೇಕು."

ದಾರಿಯುದ್ದಕ್ಕೂ ಅವನು ಹಿಂದಿನ ಸೀಟಿನಲ್ಲಿದ್ದ. ಹುಣಿಸೆಮರಗಳ ನೆರಳು ಒಂದೊಂದಾಗಿ ಅವಳ ಮಡಿಲ ಮೇಲೆ ಹರಿದು ಹೋಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಅವನು ನೋಡುತ್ತಿದ್ದಾನೆಂದು ಕುತ್ತಿಗೆಗೆ ಗೊತ್ತಾಗುತ್ತಿತ್ತು, ಕನಸಿನಲ್ಲಿ ಪ್ರಯಾಣ ಮಾಡಿದ ಹಾಗಿತ್ತು. ಕೃಷ್ಣಗಿರಿ ಬಾರದೇ ಹೋಗಲಿ ಎನ್ನಿಸಿತು.

ಬಂತು. ಬೆಟ್ಟದ ಕೆಳಗೆ ಎಳೆಬಿಸಿಲು. ಜೋಲಾರಪೇಟೆ ರೈಲಿಗೆ ಹೋಗುವ ಬಸ್ಸು ಯಾವುದೆಂದು ಕೇಳಲು ಮೇಷ್ಟ್ರು ಆಚೆ ಹೋದರು. ಗೋಪೀನಾಥ ಟ್ರಂಕಿನ ಪಕ್ಕಕ್ಕೆ ಬಂದ.

"ಈಗ ನನ್ನಿಂದ ನಿಮಗೆ ಏನೂ ಆಗ್ಬೇಕಿಲ್ಲ."

"ಇಲ್ಲ."

"ಅದಕ್ಕೇ ಬಂದೆ. ಅವತ್ತು ತಪ್ಪು ಹೇಳ್ದೆ. ಅಡ್ಡಿ ಇಲ್ಲ ಅಂತ ಅಂದೆ. ನೀವಿಲ್ದೆ ಹೋದ್ರೆ ಸೋಮವಾರಾನೇ ಬೇಡ ನನಗೆ. ಎಷ್ಟು ವರ್ಷ ಓದ್ತೀರೋ ಓದಿ. ಮದರಾಸಲ್ಲೇ ಡಾಕ್ಟರಾಗಿ. ನಾನು ಕಾಯ್ತೀನಿ. ನಿಮ್ಮನ್ನ ಕಂಡ್ರೆ ಇಷ್ಟ ನನಗೆ, ಅಷ್ಟೇ. ಬೇರೆ ಕಾರಣ ಇಲ್ಲ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

"ಇಷ್ಟು ಹೇಳೋಕೆ ಕೃಷ್ಣಗಿರೀವರ್ಗೂ ಬರ್ಬೇಕಿತ್ತಾ?"

"ಹೊಸೂರಲ್ಲೇ ಹೇಳೋಣ ಅಂತಿದ್ದೆ. ನಾಲಿಗೆ ಏಳ್ಲಿಲ್ಲ."

"ಕೇಳಿಸ್ಕೊಳ್ಳಿ," ಅವಳು ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. "ನಿಮ್ಮ ಸೀಮೆ ನನಗೆ ಬೇಡ. ನೀವು ಬೇಕು."

ಅಷ್ಟರಲ್ಲಿ ಮೇಷ್ಟ್ರು ಬಂದರು. ಮಗಳ ಒದ್ದೆ ಕಣ್ಣು ನೋಡಿದರು, ಗುಮಾಸ್ತನ ಕೆಂಪು ಕಿವಿಯನ್ನೂ ನೋಡಿದರು. "ಏನಪ್ಪಾ, ನಿನ್ನ ಕೆಲಸ ಆಯ್ತಾ?"

"ಅರ್ಧ ಆಯ್ತು ಸ್ವಾಮಿ. ಉಳಿದರ್ಧಕ್ಕೆ... ಭಾನುವಾರ ನಮ್ಮ ತಾಯೀನ ಕರ್ಕೊಂಡು ನಿಮ್ಮ ಮನೆಗೆ ಬರ್ಬೇಕು ಅಂತಿದ್ದೀನಿ."

ಮೇಷ್ಟ್ರು ಮಗಳ ಕಡೆ ತಿರುಗಿದರು. ಅವಳು ಟ್ರಂಕಿನ ಬೀಗವನ್ನು ಸುಮ್ಮಸುಮ್ಮನೆ ಅಲ್ಲಾಡಿಸಿ ನೋಡುತ್ತಿದ್ದಳು.

"ಬರ್ಲಿ ಬಿಡಿ ಅಪ್ಪಾ," ಎಂದಳು ತಲೆ ಎತ್ತದೆ.

ಮೇಷ್ಟ್ರು ಬಗ್ಗಿ ಟ್ರಂಕಿನ ಒಂದು ಹಿಡಿಗೆ ಕೈ ಹಾಕಿದರು. ಆಮೇಲೆ ಗೋಪೀನಾಥನಿಗೆ ಹೇಳಿದರು, "ಟ್ರಂಕಿನ ಆ ಕಡೆ ಹಿಡಿ. ಭಾನುವಾರ ಊಟಕ್ಕೇ ಬನ್ನಿ."