ಕರೆದವಳೇ ತಡೆದಳು

"ನಿಲ್ಲಿ! ಅದು ನಿಮಗಲ್ಲ!"

ಸ್ಟಮಾಟಿಯಾ, ರೊಡೆಲ್‌ನ ಮೊಣಕೈ ಹಿಡಿದು ಎಳೆದೇಬಿಟ್ಟಳು. ಪರಮಪ್ರಸಾದದ ಸಾಲಿನಲ್ಲಿ ಅವನ ಮುಂದೆ ನಿಂತಿದ್ದ ಎವಾಂಥಿಯಾ ಅಜ್ಜಿ ತೂರಾಡಿದರು. ಅವನು ಬಾಗಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದರು.

ಮೆಲ್ಬೋರ್ನಿನ ಆ ಗ್ರೀಕ್ ಚರ್ಚಿನಲ್ಲಿ ಪ್ರಸಾದ ಉಣಿಸುತ್ತಿದ್ದ ಪಾದ್ರಿಯ ಕೈಯ ಚಮಚವೂ ಅರೆಗಳಿಗೆ ನಿಂತಿತು.

"ನಾನು ಪ್ರಸಾದಕ್ಕೆ ಬಂದವನಲ್ಲ ಕಣ್ರೀ!" ರೊಡೆಲ್ ಅಜ್ಜಿಯನ್ನು ಬಿಡದೆಯೇ ತಿರುಗಿದ. "ಅಜ್ಜಿಗೆ ಒಬ್ಬರೇ ನಿಲ್ಲೋಕಾಗಲ್ಲ. ಬೆನ್ನಿಗೆ ಕೈ ಕೊಟ್ಟಿದ್ದೆ, ಅಷ್ಟೇ!"

ಅಯ್ಯೋ ದೇವರೇ... ಏನು ಮಾಡಿಬಿಟ್ಟೆ ನಾನು? ಎಂದುಕೊಂಡಳು ಸ್ಟಮಾಟಿಯಾ.

"ಹೋದ ವಾರ ನಿಮ್ಮ ಹಬ್ಬದಲ್ಲಿ ಸುಟ್ಟ ಮಾಂಸದ ಸುವ್ಲಾಕಿ ಕೈಗಿಟ್ಟು, 'ಚರ್ಚಿಗೆ ಬನ್ನಿ, ನಿಮ್ಮದೇ ಮನೆ' ಅಂದವರು ನೀವೇ ತಾನೇ? ಫಿಲಿಪೀನ್ಸಿನವನಿಗೆ ಅಂಗಳ ಮಾತ್ರಾನಾ? ಹೊಸಲು ದಾಟಬಾರದಾ?"

"ಆ ಪ್ರಸಾದ ನಮ್ಮ ಪಂಥದೋರಿಗೆ ಮಾತ್ರ. ಗೊತ್ತಿಲ್ದೆ ಸಾಲಿಗೆ ಬಂದಿರೇನೋ ಅಂತ..."

"ಕೇಳಬಹುದಿತ್ತಲ್ಲ! ಬಾಯಿರಲಿಲ್ವಾ?"

ಅಜ್ಜಿಗೆ ಪ್ರಸಾದವಾದದ್ದೇ ತಡ, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವನು ಹೊರಟೇ ಹೋದ.

ಕರೆಯುವುದೇನೋ ಸುಲಭ. ಕರೆದವರು ನಿಜವಾಗಿ ಬಂದುಬಿಟ್ಟರೆ ಕಷ್ಟ! ಹಬ್ಬದ ದಿನ ವೃತ್ತದ ಕುಣಿತದಲ್ಲಿ ಹೆಜ್ಜೆ ತಪ್ಪಿ ನಕ್ಕವನ ಕೈಯನ್ನು ಸ್ಟಮಾಟಿಯಾ ಬಿಗಿಯಾಗಿ ಹಿಡಿದಿದ್ದಳು. ಆ ಬಿಸುಪು ಇನ್ನೂ ಅಂಗೈಯಲ್ಲಿತ್ತು. ಅವನನ್ನು ಕಳೆದುಕೊಂಡೆನಲ್ಲ ಎಂದು ವಾರವಿಡೀ ಅತ್ತಳು.

ಮುಂದಿನ ಭಾನುವಾರ ಅಜ್ಜಿಯೂ ಬರಲಿಲ್ಲ, ಅವನೂ ಬರಲಿಲ್ಲ. ಪೂಜೆ ಮುಗಿದದ್ದೇ ಅವಳು ಅಜ್ಜಿಯಿದ್ದ ವೃದ್ಧಾಶ್ರಮಕ್ಕೆ ಓಡಿದಳು. ರೊಡೆಲ್ ಅಲ್ಲಿಯ ಕೆಲಸಗಾರ. ತನ್ನ ರಜೆಯ ದಿನ ಅಜ್ಜಿಯನ್ನು ಚರ್ಚಿಗೆ ಕರೆತಂದಿದ್ದ.

"ಯಾಕೆ ಬಂದೆ?" ಅಜ್ಜಿಯೇ ಗುಡುಗಿದರು. "ಕುಣಿಯೋಕೆ ಇವನ ಕೈ ಬೇಕು, ದೇವರ ಮುಂದೆ ಬೇಡ್ವಾ? ನನ್ನನ್ನ ಕರ್ಕೊಂಡು ಹೋಗೋಕೆ ನಮ್ಮೋರು ಒಬ್ರಾದ್ರೂ ಬಂದ್ರೇನೇ? ಇವನು ಬಂದ!"

ಸ್ಟಮಾಟಿಯಾ ಪಕ್ಕದಲ್ಲೇ ಇದ್ದ ರೊಡೆಲ್‌ನ ಮುಂದೆ ಕರವಸ್ತ್ರ ಬಿಚ್ಚಿದಳು. ಒಳಗೆ ಒಂದು ತುಂಡು ರೊಟ್ಟಿ.

"ಏನಿದು? ಸಮಾಧಾನಕರ ಬಹುಮಾನಾನಾ?" ರೊಡೆಲ್ ಚುಚ್ಚಿದ.

"ಪೂಜೆ ಮುಗಿದ ಮೇಲೆ ಪಾದ್ರಿ ಹಂಚೋ ರೊಟ್ಟಿ. ಇದು ಎಲ್ಲರಿಗೂ... ನಮ್ಮವರಲ್ಲದೋರಿಗೂ. ನನ್ನ ಪಾಲಿಂದು, ಇನ್ನೂ ಬಾಯಿಗಿಟ್ಟಿಲ್ಲ. ಬೆಳಿಗ್ಗೆಯಿಂದ ಉಪವಾಸ." ಅವಳ ಕಣ್ಣು ತುಂಬಿ ಬಂತು. "ತಪ್ಪು ನಂದೇ ರೊಡೆಲ್. ಅವತ್ತು ಕುಣಿತ ಮುಗಿದಾಗ ನಿಮ್ಮ ಕೈ ಬಿಡೋಕೇ ಮನಸ್ಸಿರ್ಲಿಲ್ಲ. ಅಂಥೋರನ್ನೇ ಎಳೆದು ಹಾಕ್ದೆ!"

ಅವನು ಮುಖ ತಿರುಗಿಸಿದ. ಅವಳು ರೊಟ್ಟಿ ಮುರಿದಳು. ಪುಡಿ ಉದುರಿತು...

ಥಟ್ಟನೆ ಅವನ ಅಂಗೈ ಅವಳ ಕೈಯಡಿಗೆ ಬಂತು.

"ಒಂದು ಚೂರೂ ನೆಲಕ್ಕೆ ಬೀಳಬಾರ್ದಂತೆ. ಅಜ್ಜಿ ಹೇಳ್ಕೊಟ್ಟಿದಾರೆ," ಎಂದು ಗೊಣಗಿ, ಆ ಪುಡಿಯನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಅವಳು ಕೊಟ್ಟ ಅರ್ಧವನ್ನೂ ತಿಂದ.

"ಮುಂದಿನ ಭಾನುವಾರ ಬನ್ನಿ... ಒಂದು ತೋಳು ನಾನು ಹಿಡ್ಕೋತೀನಿ," ಎಂದಳು ಅವಳು.

"ಯಾರದು?"

"ಮೊದ್ಲು ಅಜ್ಜಿದು!"

"ಆಮೇಲೆ?"

"ಆಮೇಲೆ ಹಿಡಿದಿದ್ದನ್ನ... ಬಿಡಲ್ಲ."