ಹಸಿರು ಮುಖವಾಡದ ಡಾಕ್ಟರು

"ಆ ಫೋಟೊ ಅಳಿಸ್ತೀಯೋ, ಇಲ್ಲ ಕ್ಯಾಮೆರಾ ಸಮೇತ ನಿನ್ನೂ ಮುರೀಲೋ?"

ಹಸಿರು ಮುಖವಾಡದವನು ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಮುಖದಲ್ಲಿ ಕಾಣುತ್ತಿದ್ದುದು ಕಣ್ಣು, ಬಾಯಿ ಅಷ್ಟೆ. ಕನ್ನಡ ಮಾತ್ರ ಅಚ್ಚ ಮೈಸೂರಿನದು.

"ಮುರೀರಿ ಡಾಕ್ಟ್ರೇ," ಎಂದೆ. "ಆಮೇಲೆ ಪಟ್ಟಿ ಕಟ್ಟೋದೂ ನೀವೇ."

ಹಿಡಿತ ಸಡಿಲವಾಯಿತು...

ನನ್ನ ಕೆಲಸ ಹೇಳಿಬಿಡುತ್ತೇನೆ, ಕೇಳಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಮ್ಮವರು ಹೆಣ್ಣು ಕೊಡುವ ಮುಂಚೆ ಹುಡುಗನ ಜಾತಕವನ್ನು ಭಟ್ಟರಿಗೆ ತೋರಿಸುತ್ತಾರೆ. ಅವನ ಮಿಕ್ಕ ಗುಟ್ಟುಗಳನ್ನು ನಾನು ಪತ್ತೆ ಮಾಡುತ್ತೇನೆ.

ನಂಜುಂಡಪ್ಪನವರ ಮಗಳು ಸೌಜನ್ಯಳಿಗೆ ಗೊತ್ತಾದ ಹುಡುಗ ಡಾಕ್ಟರ್ ಶ್ರೇಯಸ. ಮುಂದಿನ ವಾರ ನಿಶ್ಚಿತಾರ್ಥ. ಆದರೆ ಪ್ರತಿ ಶನಿವಾರ ಸಂಜೆ ಅವನಿಗೆ ಎಮರ್ಜೆನ್ಸಿ ಡ್ಯೂಟಿಯಂತೆ. ವಾರ್ಡಿಗೆ ಫೋನ್ ಮಾಡಿದೆ. ಡಾಕ್ಟರಿಗೆ ಶನಿವಾರ ರಜೆ ಎಂದರು!

ಬೆನ್ನು ಹತ್ತಿದೆ. ಟ್ರೇನಿನಲ್ಲಿ ಫ್ರೀಮ್ಯಾಂಟಲ್. ಬಂದರಿನ ಹಿಂದೆ ಹಳೇ ಗೋಡೌನು. ಒಳಗೆ ಮುಖವಾಡ ಹಾಕಿ ಆಡುವ ಮೆಕ್ಸಿಕೋ ಕುಸ್ತಿ.

ಅಖಾಡಕ್ಕೆ ಬಂದವರು ಆರು ಜನ. ಆರಕ್ಕೂ ಮುಖವಾಡ. ಇದರಲ್ಲಿ ನಮ್ಮ ಮದುವೆ ಗಂಡು ಯಾವುದು?

ಕ್ಯಾಮೆರಾ ಹಿಡಿದು ಹಗ್ಗದ ಪಕ್ಕಕ್ಕೆ ನುಗ್ಗಿದೆ. ಒಬ್ಬ ಕುಣಿದ. ಒಬ್ಬ ಲಾಗ ಹಾಕಿದ. ಹಸಿರಿನವನು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ಸಿಕ್ಕಿಬಿದ್ದ! ಗರಡಿಯ ಮಣ್ಣಿಗೆ ನಮಸ್ಕರಿಸದೆ ನಮ್ಮ ಕಡೆಯ ಪೈಲ್ವಾನ ಕಾಲಿಡುವುದಿಲ್ಲ. ಕ್ಲಿಕ್... ಕ್ಲಿಕ್...

ಆಮೇಲೆ ಚಿನ್ನದ ಮುಖವಾಡದ ಠೊಣಪ ಹಸಿರಿನವನನ್ನೆತ್ತಿ ನನ್ನ ಮೇಲೆಯೇ ಎಸೆದ. ಕನ್ನಡ ಸಂಘದ ಯುಗಾದಿ ಊಟದಲ್ಲಿ ನೋಡಿದ್ದ ನನ್ನ ಗುರುತು ಶ್ರೇಯಸನಿಗೆ ಸಿಕ್ಕಿತು. ಪಂದ್ಯ ಮುಗಿದೊಡನೆ ಬಟ್ಟೆ ಬದಲಿಸುವ ಕೋಣೆಗೆ ಎಳೆದೊಯ್ದ. ಉಳಿದದ್ದು ನಿಮಗೆ ಗೊತ್ತು.

ನಾಳೆ ನೀವಾಗಿಯೇ ಮಾವನ ಮನೆಗೆ ಬಂದು ಒಪ್ಪಿಕೊಳ್ಳಿ ಎಂದೆ. ಬಂದ.

ನಂಜುಂಡಪ್ಪನವರು ಸೋಫಾದಲ್ಲಿ ಕೂತು ಫೋಟೊಗಳನ್ನು ಒಂದೊಂದಾಗಿ ನೋಡಿದರು.

"ನಮ್ಮ ಸಂಘದೋರು ಯಾರಾದ್ರೂ ಅಲ್ಲಿದ್ರಾ?"

ಇಲ್ಲ ಎಂದೆ.

"ಈ ಮಾಸ್ಕು ಯಾವತ್ತೂ ತೆಗೆಯಲ್ಲ ತಾನೆ?"

"ತೆಗೆದ್ರೆ ಅಲ್ಲಿಗೆ ಮರ್ಯಾದೆ ಹೋಯ್ತು, ಅಂಕಲ್," ಎಂದ ಶ್ರೇಯಸ.

"ಮತ್ತಿನ್ನೇನ್ರೀ ತೊಂದ್ರೆ? ಭಟ್ಟರಿಗೆ ಫೋನ್ ಮಾಡ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಸೌಜನ್ಯ ನಿಂತಿದ್ದಳು.

"ಹನ್ನೊಂದು ಶನಿವಾರ, ಶ್ರೇಯಸ್. ನಿಮ್ಮ ಪೇಶೆಂಟ್ ಉಳೀಲಿ ಅಂತ ನಾನು ದೀಪ ಹಚ್ತಿದ್ದೆ. ಕುಸ್ತಿ ಅಂದಿದ್ರೆ ಜೊತೆಗೇ ಬರ್ತಿದ್ದೆ."

ಹಿಂದಿನ ರಾತ್ರಿ ನನ್ನನ್ನು ಗೋಡೆಗೆ ಒತ್ತಿದ್ದ ಗಂಡಸು ನೆಲ ನೋಡಿದ.

"ಹೋಗ್ಲಿ ಬಿಡಮ್ಮ," ಎಂದರು ಅಪ್ಪ. "ಯಾರಿಗೂ ಗೊತ್ತಾಗಿಲ್ವಲ್ಲ."

"ನನಗೆ ಗೊತ್ತಾಯ್ತಲ್ಲಪ್ಪ."

ಕಾರಿನ ಕೀ ತೆಗೆದುಕೊಂಡು ಹೋದಳು. ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡಳು.

ಮೂರು ತಿಂಗಳಾಯಿತು. ವಾಪಸು ಬಂದಿಲ್ಲ.

ಮಗಳಿಗೆ ಅಡಿಲೇಡ್‌ನಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಎನ್ನುತ್ತಾರೆ ನಂಜುಂಡಪ್ಪನವರು.

ಕೇಳಿದವರು ಅಡಿಲೇಡಿನವರಾದರೆ, ಬ್ರಿಸ್ಬೇನ್ ಎನ್ನುತ್ತಾರೆ.